ಗಡಿ ದಾಟದೆಯೇ ಪರದೇಶಿಗಳಾದವರು: ಬಾಕ್ಸರ್ ಕವಿ ಕಾರ್ಕಿ ಗೊನ್ಸಾಲೆಸ್ ಕಥೆ

2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಬೀದಿಗಳು ಕಾವೇರಿದ್ದವು. ವಲಸಿಗರನ್ನು ಹುಡುಕಿ ಹಿಡಿಯುತ್ತಿದ್ದ ಅಧಿಕಾರಿಗಳ ವಿರುದ್ಧ ಜನ ಬೀದಿಗಿಳಿದರು. ಸರ್ಕಾರ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯನ್ನು ಕಳಿಸಿತು. ಆ ದಿನಗಳ ಫೋಟೊಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದದ್ದು ಮೆಕ್ಸಿಕೊ ದೇಶದ ಬಾವುಟ. ಹಸಿರು, ಬಿಳಿ, ಕೆಂಪು ಪಟ್ಟೆ. ನಡುವೆ ಹಾವನ್ನು ಕಚ್ಚಿ ಹಿಡಿದ ಹದ್ದು.

ಅದನ್ನು ಹಿಡಿದವರಲ್ಲಿ ಎಷ್ಟೋ ಮಂದಿ ಅಮೆರಿಕದಲ್ಲೇ ಹುಟ್ಟಿ ಬೆಳೆದವರು. ಮಗನೋ ಮಗಳೋ ಆ ದೇಶದಲ್ಲಿರುವ ನಮ್ಮ ಕಡೆಯ ಮನೆಗಳಲ್ಲಿ ಟಿವಿ ನೋಡುತ್ತಾ ಯಾರಿಗಾದರೂ ಒಂದು ಪ್ರಶ್ನೆ ಬರುವುದು ಸಹಜ. ಅಮೆರಿಕದಲ್ಲೇ ಇರುತ್ತೇವೆ ಅನ್ನುವವರು ಇನ್ನೊಂದು ದೇಶದ ಬಾವುಟ ಯಾಕೆ ಹಿಡಿಯುತ್ತಾರೆ? ಇದು ಎಡವಟ್ಟು ಅಲ್ವಾ?

ಪ್ರಶ್ನೆ ಹಳೆಯದು. 1967ರಲ್ಲಿ ಕೊಲರಾಡೊ ರಾಜ್ಯದ ಡೆನ್ವರ್ ನಗರದ ಒಬ್ಬ ಮಾಜಿ ಬಾಕ್ಸರ್ ಇದನ್ನೇ ಎತ್ತಿಕೊಂಡು ಉದ್ದನೆಯ ಕವಿತೆಯೊಂದನ್ನು ಬರೆದರು. ಹೆಸರು ರೊಡಾಲ್ಫೊ ಗೊನ್ಸಾಲೆಸ್. ಊರೆಲ್ಲ ಕರೆಯುತ್ತಿದ್ದದ್ದು 'ಕಾರ್ಕಿ' ಎಂದು. ಕವಿತೆ ಬರೆದು ಸುಮ್ನೆ ಕೂರದೆ ಅವರು ಶಾಲೆ ಕಟ್ಟಿದರು, ಪತ್ರಿಕೆ ಹೊರಡಿಸಿದರು, ಮೆರವಣಿಗೆ ನಡೆಸಿದರು, ಜೈಲಿಗೂ ಹೋದರು. ಅವರ ಕಥೆ ಗೊತ್ತಾದರೆ ಆ ಬಾವುಟದ ಒಗಟು ಮುಕ್ಕಾಲು ಪಾಲು ಬಿಡಿಸಿದಂತೆ.

ಮೊದಲು ಹೆಸರುಗಳು. ಜಗಳ ಶುರುವಾಗುವುದೇ ಅಲ್ಲಿಂದ.

ಒಂದೇ ಮನೆಗೆ ನಾಲ್ಕು ಹೆಸರು

ಅಮೆರಿಕದ ಸುದ್ದಿಗಳಲ್ಲಿ ಹಿಸ್ಪಾನಿಕ್, ಲ್ಯಾಟಿನೊ, ಮೆಕ್ಸಿಕನ್ ಅಮೆರಿಕನ್, ಚಿಕಾನೊ ಎಂಬ ಪದಗಳು ಒಂದರ ಮೇಲೊಂದು ಬರುತ್ತವೆ. ಎಲ್ಲ ಒಂದೇ ಅನ್ನಿಸುತ್ತದೆ. ಆದರೆ ಒಂದಲ್ಲ.

ಹಿಸ್ಪಾನಿಕ್ ಎಂದರೆ ಸ್ಪ್ಯಾನಿಷ್ ಭಾಷೆಯ ನಂಟಿರುವ ದೇಶಗಳ ಮೂಲದವರು. ಇದು ಕಚೇರಿಯ ಪದ. 1980ರ ಜನಗಣತಿಯಲ್ಲಿ ಈ ಪ್ರಶ್ನೆಯನ್ನು ಮೊದಲ ಸಲ ಎಲ್ಲ ಮನೆಗಳಿಗೂ ಕೇಳಲಾಯಿತು. ಲ್ಯಾಟಿನೊ ಎಂದರೆ ಲ್ಯಾಟಿನ್ ಅಮೆರಿಕದ ಮೂಲದವರು. ಹಾಗಾಗಿ ಪೋರ್ಚುಗೀಸ್ ಆಡುವ ಬ್ರೆಜಿಲ್‌ನವರನ್ನೂ ಇದರಲ್ಲಿ ಸೇರಿಸುತ್ತಾರೆ, ಸ್ಪೇನ್‌ನಿಂದ ಬಂದವರನ್ನು ಸೇರಿಸುವುದಿಲ್ಲ. ಮೆಕ್ಸಿಕನ್ ಅಮೆರಿಕನ್ ಎಂದರೆ ಹೆಸರೇ ಹೇಳುವಂತೆ ಮೆಕ್ಸಿಕೊ ಮೂಲದ ಅಮೆರಿಕನ್ನರು. ಎಷ್ಟು ಜನ ಅಂತೀರಾ? 2020ರ ಜನಗಣತಿಯಲ್ಲಿ ಹಿಸ್ಪಾನಿಕ್ ಎಂದು ಲೆಕ್ಕಕ್ಕೆ ಸಿಕ್ಕವರು ಸುಮಾರು 6.2 ಕೋಟಿ. 2011ರ ಗಣತಿಯ ಪ್ರಕಾರ ಇಡೀ ಕರ್ನಾಟಕದ ಜನಸಂಖ್ಯೆಯೇ 6.1 ಕೋಟಿ. ಆ 6.2 ಕೋಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಮೆಕ್ಸಿಕೊ ಮೂಲದವರು.

ಚಿಕಾನೊ ಎಂಬ ಪದದ ಬಣ್ಣವೇ ಬೇರೆ. 'ಮೆಕ್ಸಿಕಾನೊ' ಎಂಬುದಕ್ಕೆ 'ಮೆಶಿಕಾನೊ' ಎಂಬ ಹಳೆಯ ಉಚ್ಚಾರವಿತ್ತು. ಅದರ ತಲೆ ಹೋಗಿ ಬಾಲ ಉಳಿದು 'ಚಿಕಾನೊ' ಆಯಿತು ಎಂದು ಹೆಚ್ಚಿನವರು ಹೇಳುತ್ತಾರೆ. ಒಂದು ಕಾಲಕ್ಕೆ ಇದು ಕೀಳು ಮಾತು. ಕೂಲಿನಾಲಿ ಮಾಡುವ, ಓದುಬರಹ ಇಲ್ಲದ ಮೆಕ್ಸಿಕನ್ನರನ್ನು ಸ್ವಲ್ಪ ಅನುಕೂಲಸ್ಥ ಮೆಕ್ಸಿಕನ್ನರೇ ಹೀಗೆ ಕರೆದು ಮೂಗು ಮುರಿಯುತ್ತಿದ್ದರು. 1960ರ ದಶಕದ ಹುಡುಗ ಹುಡುಗಿಯರು ಆ ಬೈಗುಳವನ್ನೇ ಎತ್ತಿ ಬಿರುದು ಮಾಡಿಕೊಂಡರು. ಗಂಡಸರಿಗೆ ಚಿಕಾನೊ, ಹೆಂಗಸರಿಗೆ ಚಿಕಾನಾ. ಅಂದರೆ ಇದು ಹುಟ್ಟಿನಿಂದ ತಾನಾಗಿ ಬರುವ ಗುರುತಲ್ಲ, ಆರಿಸಿಕೊಂಡ ಗುರುತು. ಒಂದೇ ಮನೆಯಲ್ಲಿ ಅಜ್ಜ ತನ್ನನ್ನು ಮೆಕ್ಸಿಕನ್ ಎನ್ನಬಹುದು, ಅಪ್ಪ ಮೆಕ್ಸಿಕನ್ ಅಮೆರಿಕನ್ ಎನ್ನಬಹುದು, ಮಗಳು ಚಿಕಾನಾ ಎನ್ನಬಹುದು. ಮೂವರದ್ದೂ ರಕ್ತ ಒಂದೇ, ರಾಜಕೀಯ ಬೇರೆ.

ಗಡಿಯೇ ಎದ್ದು ನಡೆದಾಗ

ಲಾಸ್ ಏಂಜಲೀಸ್ ಎಂದರೆ ಸ್ಪ್ಯಾನಿಷ್‌ನಲ್ಲಿ ದೇವದೂತರು. ನೆವಾಡ ಎಂದರೆ ಹಿಮ ಹೊದ್ದದ್ದು. ಕೊಲರಾಡೊ ಎಂದರೆ ಕೆಂಪು. ಇಂಗ್ಲಿಷ್ ಆಡುವ ದೇಶದ ಊರುಗಳಿಗೆ ಈ ಹೆಸರುಗಳು ಹೇಗೆ ಬಂದವು?

ಅವು ಮೆಕ್ಸಿಕೊದ ನೆಲವಾಗಿದ್ದವು, ಅದಕ್ಕೂ ಮೊದಲು ಸ್ಪೇನ್‌ನ ಕೈಯಲ್ಲಿದ್ದವು. ಅದಕ್ಕೂ ಹಿಂದಿನಿಂದ ಅಲ್ಲಿದ್ದವರು ಮೂಲನಿವಾಸಿಗಳು. 1846ರಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ನಡುವೆ ಯುದ್ಧ ಶುರುವಾಯಿತು. ಮೆಕ್ಸಿಕೊ ಸೋತಿತು. 1848ರ ಫೆಬ್ರವರಿ 2ರಂದು ಗ್ವಾಡಲೂಪೆ ಹಿಡಾಲ್ಗೊ ಎಂಬಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಕ್ಯಾಲಿಫೋರ್ನಿಯಾ, ನೆವಾಡ, ಯೂಟಾ, ಅರಿಜೋನ ಮತ್ತು ನ್ಯೂ ಮೆಕ್ಸಿಕೊದ ಬಹುಭಾಗ, ಕೊಲರಾಡೊದ ಒಂದಷ್ಟು ಎಲ್ಲ ಅಮೆರಿಕಕ್ಕೆ ಹೋದವು. ಬದಲಿಗೆ ಅಮೆರಿಕ ಕೊಟ್ಟದ್ದು ಒಂದೂವರೆ ಕೋಟಿ ಡಾಲರ್. ಟೆಕ್ಸಸ್ ಅದಕ್ಕೂ ಮೊದಲೇ ಕೈತಪ್ಪಿತ್ತು. ಎರಡೂ ಸೇರಿದರೆ ಮೆಕ್ಸಿಕೊ ಅರ್ಧಕ್ಕಿಂತ ಹೆಚ್ಚು ನೆಲ ಕಳೆದುಕೊಂಡಿತ್ತು.

ಅಲ್ಲಿದ್ದ ಜನ ಏನಾದರು? ಬಹುಪಾಲು ಜನ ಇದ್ದಲ್ಲೇ ಇದ್ದರು. ಅದೇ ಮನೆ, ಅದೇ ಬಾವಿ, ಅದೇ ಚರ್ಚ್. ದೇಶ ಮಾತ್ರ ಬೇರೆ. "ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು" ಎಂದು ಚಿಕಾನೊಗಳು ಇಂದಿಗೂ ಹೇಳುವುದು ಇದನ್ನೇ. ಕಾಸರಗೋಡಿನ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಲ್ಲಿ ಬದಲಾದದ್ದು ರಾಜ್ಯ, ಇಲ್ಲಿ ದೇಶ. ಅದೂ ಯುದ್ಧದಲ್ಲಿ ಸೋತ ಮೇಲೆ.

ಉಳಿದವರಿಗೆ ಪೌರತ್ವ ಕೊಡುತ್ತೇವೆ, ಆಸ್ತಿ ಕಾಪಾಡುತ್ತೇವೆ ಎಂದು ಒಪ್ಪಂದದಲ್ಲಿತ್ತು. ಆದರೆ ಸ್ಪೇನ್ ಮತ್ತು ಮೆಕ್ಸಿಕೊ ಕಾಲದ ಜಮೀನು ಪತ್ರಗಳನ್ನು ನೇರವಾಗಿ ಮಾನ್ಯ ಮಾಡುವ ಕಲಮನ್ನು ಅಮೆರಿಕದ ಸೆನೆಟ್ ಹೊಡೆದುಹಾಕಿತು. ಇದರ ಪರಿಣಾಮ ಹೀಗೆ ಊಹಿಸಿಕೊಳ್ಳಿ. ತಾತನ ಕಾಲದಿಂದ ಉಳುತ್ತಿದ್ದ ಹೊಲ. ಆ ಕಡೆ ಹಳ್ಳ, ಈ ಕಡೆ ಹುಣಸೆಮರ, ಅದೇ ಹದ್ದುಬಸ್ತು. ಈಗ ಯಾರೋ ಬಂದು ಗೊತ್ತಿಲ್ಲದ ಭಾಷೆಯ ಕೋರ್ಟಿನಲ್ಲಿ ಪಹಣಿ ತೋರಿಸು ಎನ್ನುತ್ತಾರೆ. ಕೇಸು ವರ್ಷಗಟ್ಟಲೆ ನಡೆಯುತ್ತದೆ. ವಕೀಲರ ಫೀಸಿಗೇ ಅರ್ಧ ಹೊಲ ಹೋಗುತ್ತದೆ. ಹೀಗೆ ಎರಡು ಮೂರು ತಲೆಮಾರಿನಲ್ಲಿ ಸಾವಿರಾರು ಒಡೆಯರು ತಮ್ಮದೇ ನೆಲದಲ್ಲಿ ಕೂಲಿಗಳಾದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇಂದಿನ ಮೆಕ್ಸಿಕನ್ ಅಮೆರಿಕನ್ನರಲ್ಲಿ ಹೆಚ್ಚಿನವರು 1848ರ ಆ ಜನರ ಮಕ್ಕಳಲ್ಲ. ಆಮೇಲೆ, ವಿಶೇಷವಾಗಿ 1910ರ ಮೆಕ್ಸಿಕೊ ಕ್ರಾಂತಿಯ ನಂತರ, ಕೆಲಸ ಹುಡುಕಿ ಬಂದವರ ಸಂತತಿ. ಕಾರ್ಕಿಯ ಅಪ್ಪನೂ ಚಿವಾವಾ ಎಂಬ ಉತ್ತರ ಮೆಕ್ಸಿಕೊದ ಸೀಮೆಯಿಂದ ಬಂದವರು. ಆದರೂ ಆ ಹಳೆಯ ಗಾಯ ಹೊಸದಾಗಿ ಬಂದವರದ್ದೂ ಆಯಿತು. ಯಾಕೆಂದರೆ ಶಾಲೆಯಲ್ಲಿ, ಹೊಲದಲ್ಲಿ, ಪೊಲೀಸ್ ಠಾಣೆಯಲ್ಲಿ ಇಬ್ಬರನ್ನೂ ನಡೆಸಿಕೊಂಡ ರೀತಿ ಒಂದೇ.

ಬೀಟ್ ಹೊಲದ ಹುಡುಗ

ಕಾರ್ಕಿ ಹುಟ್ಟಿದ್ದು 1928ರ ಜೂನ್ 18ರಂದು, ಡೆನ್ವರ್‌ನಲ್ಲಿ. ಎರಡು ವರ್ಷದವನಿದ್ದಾಗ ಅಮ್ಮ ತೀರಿಕೊಂಡರು. ಅಪ್ಪ ಮಕ್ಕಳನ್ನು ಕಟ್ಟಿಕೊಂಡು ದುಡಿದರು, ರಾತ್ರಿ ಹೊತ್ತು ಮೆಕ್ಸಿಕೊದ ಇತಿಹಾಸವನ್ನು ಕಥೆ ಮಾಡಿ ಹೇಳಿದರು. ಆ ಕಥೆಗಳು ಮುಂದೆ ಎಲ್ಲಿ ಬಂದು ಸೇರಿದವು ಎಂಬುದನ್ನು ಆಮೇಲೆ ನೋಡೋಣ. ಬಾಟಲಿಯ ಬಿರಟೆಯಂತೆ ಸದಾ ಟಪ್ಪನೆ ಹಾರುವ ಹುಡುಗ ಎಂದು ಚಿಕ್ಕಪ್ಪನೊಬ್ಬ ಇಟ್ಟ ಅಡ್ಡಹೆಸರೇ 'ಕಾರ್ಕಿ'.

ನಮಗೆ ಸಕ್ಕರೆ ಎಂದರೆ ಕಬ್ಬು. ಕೊಲರಾಡೊದಂಥ ಚಳಿಯ ಸೀಮೆಯಲ್ಲಿ ಕಬ್ಬು ಬೆಳೆಯುವುದಿಲ್ಲ. ಅಲ್ಲಿ ಸಕ್ಕರೆ ಬರುವುದು ಬೀಟ್‌ರೂಟಿನ ದಾಯಾದಿಯಾದ ಬಿಳಿ ಗೆಡ್ಡೆಯಿಂದ. ಸಸಿ ತೆಳುಗೊಳಿಸುವುದು, ಕಳೆ ತೆಗೆಯುವುದು, ಗೆಡ್ಡೆ ಕಿತ್ತು ತಲೆ ಕತ್ತರಿಸುವುದು, ಎಲ್ಲ ಬಗ್ಗಿ ಮಾಡುವ ಕೆಲಸ. ನಮ್ಮಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಮಕ್ಕಳುಮರಿ ಸಮೇತ ಊರೂರು ತಿರುಗುತ್ತವಲ್ಲ, ಹಾಗೆ ಗೊನ್ಸಾಲೆಸ್ ಕುಟುಂಬ ವಸಂತ ಮತ್ತು ಬೇಸಿಗೆಯಲ್ಲಿ ಬೀಟ್ ಹೊಲಕ್ಕೆ ಹೋಗುತ್ತಿತ್ತು, ಚಳಿಗಾಲಕ್ಕೆ ಡೆನ್ವರ್‌ಗೆ ಮರಳುತ್ತಿತ್ತು. ಶಾಲೆ ಬಿಟ್ಟು ಬಿಟ್ಟು ನಡೆಯಿತು. ಹಾಗಿದ್ದೂ ಹುಡುಗ 16ನೇ ವಯಸ್ಸಿಗೇ ಹೈಸ್ಕೂಲು ಮುಗಿಸಿದ.

ಅವನಿಗೆ ಏಳು ವರ್ಷವಿದ್ದಾಗ ನಡೆದ ಒಂದು ಸಂಗತಿ ಇಂದಿನ ಸುದ್ದಿ ಓದುವವರಿಗೆ ವಿಚಿತ್ರವಾಗಿ ಪರಿಚಿತ ಅನ್ನಿಸಬಹುದು. ಅದು ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲ. 1936ರ ಏಪ್ರಿಲ್‌ನಲ್ಲಿ ಕೊಲರಾಡೊದ ಗವರ್ನರ್ ರಾಜ್ಯದ ದಕ್ಷಿಣ ಗಡಿಗೆ ನ್ಯಾಷನಲ್ ಗಾರ್ಡ್ ಕಳಿಸಿದರು. ಕೆಲಸ ಹುಡುಕಿ ಬರುವ ಪರದೇಶಿಗಳನ್ನು, ಗತಿಯಿಲ್ಲದವರನ್ನು ತಡೆಯುವುದು ಉದ್ದೇಶ. ನಿಜಕ್ಕೂ ಆ ಕಡೆ ಇದ್ದದ್ದು ಬೇರೆ ದೇಶವಲ್ಲ, ನ್ಯೂ ಮೆಕ್ಸಿಕೊ ಎಂಬ ಅಮೆರಿಕದ್ದೇ ರಾಜ್ಯ. ಆ ತಡೆಗೆ ಸಿಕ್ಕವರಲ್ಲಿ ಅಮೆರಿಕದ ಪ್ರಜೆಗಳೂ ಇದ್ದರು. ಗಲಾಟೆಯಾಗಿ ಕೆಲವೇ ದಿನಗಳಲ್ಲಿ ಆ ಆದೇಶ ಹಿಂದಕ್ಕೆ ಹೋಯಿತು. ಅದೇ ದಶಕದಲ್ಲಿ ಲಕ್ಷಾಂತರ ಮೆಕ್ಸಿಕನ್ ಮೂಲದವರನ್ನು ರೈಲು ಹತ್ತಿಸಿ ಮೆಕ್ಸಿಕೊಗೆ ಕಳಿಸಲಾಯಿತು. ಅವರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಕ್ಕಳೂ ಬಹಳ ಇದ್ದರು.

ಹೈಸ್ಕೂಲಿನ ನಂತರ ಕಾರ್ಕಿ ಕಸಾಯಿಖಾನೆಯಲ್ಲಿ ದುಡಿದರು. ಜೊತೆಗೆ ಬಾಕ್ಸಿಂಗ್ ಕಲಿತರು. 1947ರಿಂದ 1955ರವರೆಗೆ ವೃತ್ತಿಪರ ಬಾಕ್ಸರ್. ಫೆದರ್‌ವೇಟ್, ಅಂದರೆ ಸುಮಾರು 57 ಕೆಜಿ ತೂಕದೊಳಗಿನ ವಿಭಾಗ. ಆಡಿದ್ದು ಸುಮಾರು 75 ಪಂದ್ಯ, ಗೆದ್ದದ್ದು ಅರವತ್ತಕ್ಕಿಂತ ಹೆಚ್ಚು. ಒಂದು ಹಂತದಲ್ಲಿ ಜಗತ್ತಿನ ಮೊದಲ ಮೂವರಲ್ಲಿ ಒಬ್ಬರೆಂಬ ರ್‍ಯಾಂಕ್ ಸಿಕ್ಕಿತು. ಪ್ರಶಸ್ತಿ ಪಂದ್ಯದ ಅವಕಾಶ ಮಾತ್ರ ಸಿಗಲಿಲ್ಲ.

ಒಳಗಿದ್ದು ನೋಡಿದ್ದಾಯಿತು

ಹೋರಾಟಗಾರ ಎಂದ ಕೂಡಲೇ ಮೊದಲ ದಿನದಿಂದ ಮುಷ್ಟಿ ಎತ್ತಿದವರು ಎಂದುಕೊಳ್ಳುತ್ತೇವೆ. ಕಾರ್ಕಿ ಹಾಗಲ್ಲ. ಬಾಕ್ಸಿಂಗ್ ಬಿಟ್ಟು ಬಾರ್ ನಡೆಸಿದರು. ಜಾಮೀನಿಗೆ ಹಣ ಕಟ್ಟುವ ವ್ಯವಹಾರ ಮಾಡಿದರು. ಡೆಮಾಕ್ರಟಿಕ್ ಪಕ್ಷ ಸೇರಿ ಡೆನ್ವರ್‌ನಲ್ಲಿ ಆ ಪಕ್ಷದ ಮೊದಲ ಮೆಕ್ಸಿಕನ್ ಅಮೆರಿಕನ್ ಜಿಲ್ಲಾ ಕ್ಯಾಪ್ಟನ್ ಆದರು. 1960ರಲ್ಲಿ ಜಾನ್ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಕೊಲರಾಡೊದ ಮೆಕ್ಸಿಕನ್ ಮತಗಳನ್ನು ಒಟ್ಟುಗೂಡಿಸುವ 'ವೀವಾ ಕೆನಡಿ' ಪ್ರಚಾರದ ಹೊಣೆ ಇವರದ್ದು. ಆಮೇಲೆ ಬಡತನ ನಿರ್ಮೂಲನೆಯ ಸರ್ಕಾರಿ ಯೋಜನೆಯಲ್ಲಿ, ಯುವಕರಿಗೆ ಕೆಲಸ ಕಲಿಸುವ ವಿಭಾಗದ ಮುಖ್ಯಸ್ಥರಾದರು.

1966ರಲ್ಲಿ ಒಂದು ಸ್ಥಳೀಯ ಪತ್ರಿಕೆ ಇವರು ತಮ್ಮವರಿಗೇ ಅನುಕೂಲ ಮಾಡಿಕೊಡುತ್ತಾರೆ ಎಂದು ಬರೆಯಿತು. ಕಾರ್ಕಿ ಪ್ರತಿಭಟಿಸಿದರು. ಕೊನೆಗೆ ಆ ಹುದ್ದೆ ಹೋಯಿತು. ಪಕ್ಷದ ನಂಟೂ ಕಡಿಯಿತು. ಅದೇ ವರ್ಷ 'ಕ್ರುಸೇಡ್ ಫಾರ್ ಜಸ್ಟಿಸ್' ಎಂಬ ಸಂಘಟನೆ ಹುಟ್ಟಿತು. ನ್ಯಾಯಕ್ಕಾಗಿ ಸಮರ ಎಂದು ಕನ್ನಡದಲ್ಲಿ ಹೇಳಬಹುದು.

ಆ ಹೊತ್ತಿಗೆ ಬೇರೆಡೆಯೂ ಬಿಸಿಯಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸೀಸರ್ ಚಾವೆಸ್ ಮತ್ತು ಡೊಲೊರೆಸ್ ವೆರ್ಟಾ ದ್ರಾಕ್ಷಿ ತೋಟದ ಕೂಲಿಗಳನ್ನು ಸಂಘಟಿಸುತ್ತಿದ್ದರು. ನ್ಯೂ ಮೆಕ್ಸಿಕೊದಲ್ಲಿ ರೇಯಸ್ ಲೋಪೆಸ್ ತಿಹೆರಿನಾ ಕಳೆದುಹೋದ ಜಮೀನುಗಳನ್ನು ವಾಪಸ್ ಕೇಳುತ್ತಿದ್ದರು. ಕಾರ್ಕಿಯ ಪಾಲಿಗೆ ಬಂದದ್ದು ಪೇಟೆಯ ಹುಡುಗರು. ಹೊಲವೂ ಇಲ್ಲ, ಹಳ್ಳಿಯೂ ಇಲ್ಲ, ಸ್ಪ್ಯಾನಿಷ್ ಅರೆಬರೆ, ಇಂಗ್ಲಿಷ್ ಆಡಿದರೂ ಬಿಳಿಯರು ಸೇರಿಸಿಕೊಳ್ಳುವುದಿಲ್ಲ. ಕೂಲಿ ಹೆಚ್ಚಿಸಿ ಎಂದೋ ಜಮೀನು ಕೊಡಿ ಎಂದೋ ಕೇಳಬೇಕಾದರೆ ಕೇಳುವವನು ಯಾರು ಎಂಬುದು ಮೊದಲು ಗೊತ್ತಿರಬೇಕು. ಈ ಹುಡುಗರಿಗೆ ಅದೇ ಗೊತ್ತಿರಲಿಲ್ಲ.

ಹ್ವಾಕೀನ್ ಎಂಬ 'ನಾನು'

ಆ ಹುಡುಗರ ಕೈಗೆ ಸಿಕ್ಕಿದ್ದು ಒಂದು ಕವಿತೆ. ಹೆಸರು 'ನಾನು ಹ್ವಾಕೀನ್' ಎಂದು. ಸ್ಪ್ಯಾನಿಷ್‌ನಲ್ಲಿ 'ಯೊ ಸೋಯ್ ಹ್ವಾಕೀನ್'. ತಲೆಬರಹ ಸ್ಪ್ಯಾನಿಷ್‌ನಲ್ಲೂ ಇದೆ, ಆದರೆ ಕಾರ್ಕಿ ಬರೆದದ್ದು ಮುಖ್ಯವಾಗಿ ಇಂಗ್ಲಿಷ್‌ನಲ್ಲಿ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ಹುಡುಗನ ಭಾಷೆ ಅದು. ಗೆದ್ದವರ ಭಾಷೆಯಲ್ಲೇ ಸೋತವರ ಕಥೆ ಹೇಳಬೇಕಾದ ಸ್ಥಿತಿ ಕವಿತೆಯ ಒಳಗೂ ಇದೆ, ಹೊರಗೂ ಇದೆ.

ಹ್ವಾಕೀನ್ ಯಾರು? 1850ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನದ ಗಣಿಗಳಿಗೆ ಜನ ನುಗ್ಗಿದರು. ಹೊರಗಿನವರು ಗಣಿ ತೋಡಬೇಕಾದರೆ ತಿಂಗಳಿಗೆ 20 ಡಾಲರ್ ತೆರಿಗೆ ಕಟ್ಟಬೇಕೆಂದು 1850ರಲ್ಲಿ ಕಾನೂನು ಬಂತು. ಎರಡು ವರ್ಷದ ಹಿಂದಷ್ಟೇ ಅದು ಮೆಕ್ಸಿಕೊದ ನೆಲ, ಈಗ ಮೆಕ್ಸಿಕನ್ನರೇ ಹೊರಗಿನವರು. ಆ ಕಾಲದ ದಂತಕಥೆಯ ಬಂಡುಕೋರ ಹ್ವಾಕೀನ್ ಮುರಿಯೆಟಾ. ಗಣಿ ಕಿತ್ತುಕೊಂಡವರ, ಹೆಂಡತಿಯನ್ನು ಕೆಡಿಸಿ ಕೊಂದವರ ಮೇಲೆ ಸೇಡು ತೀರಿಸಿಕೊಂಡವನು ಎಂದು ಕಥೆ. ಒಂದು ಕಡೆಯವರಿಗೆ ದರೋಡೆಕೋರ, ಇನ್ನೊಂದು ಕಡೆಯವರಿಗೆ ವೀರ. 1853ರಲ್ಲಿ ಅವನನ್ನು ಕೊಂದೆವೆಂದು ಹೇಳಿ ಒಂದು ತಲೆಯನ್ನು ಸಾರಾಯಿ ತುಂಬಿದ ಜಾಡಿಯಲ್ಲಿಟ್ಟು ದುಡ್ಡು ತೆಗೆದುಕೊಂಡು ಪ್ರದರ್ಶನ ಮಾಡಿದರು. ಆ ತಲೆ ನಿಜಕ್ಕೂ ಅವನದ್ದೇ ಎಂಬುದು ಇಂದಿಗೂ ವಾದದ ವಿಷಯ.

ಆದರೆ ಕವಿತೆಯ ಹ್ವಾಕೀನ್ ಆ ಒಬ್ಬನೇ ಅಲ್ಲ. ಅವನು ಒಬ್ಬ ಸಾಮಾನ್ಯ ಚಿಕಾನೊ. ಶುರುವಿನಲ್ಲಿ ಅವನು ಬಿಳಿಯರ ಸಮಾಜದ ಸುಳಿಗೆ ಸಿಕ್ಕಿ ಗೊಂದಲದಲ್ಲಿ ಕಳೆದುಹೋಗಿದ್ದಾನೆ. ಮುಂದೆ ಎರಡು ದಾರಿ. ಹಸಿದ ಹೊಟ್ಟೆಯಲ್ಲಿ ತನ್ನತನ ಉಳಿಸಿಕೊಳ್ಳುವುದು ಒಂದು, ಹೊಟ್ಟೆ ತುಂಬಿಸಿಕೊಂಡು ತನ್ನತನ ಬಿಡುವುದು ಇನ್ನೊಂದು. ಹಿರಿಯರು ಹಣದ ಯುದ್ಧ ಸೋತರು, ಬದುಕುವ ರೀತಿಯನ್ನು ಉಳಿಸಿಕೊಳ್ಳುವ ಯುದ್ಧ ಗೆದ್ದರು ಎಂಬ ಮಾತೂ ಅಲ್ಲೇ ಬರುತ್ತದೆ. ನಿರ್ಧಾರ ಮಾಡುವ ಮೊದಲು ಅವನು ತನ್ನ ಜನರ ಇತಿಹಾಸದೊಳಕ್ಕೆ ಹಿಂದೆ ನಡೆಯುತ್ತಾನೆ. ಐದು ಶತಮಾನದ ದಾರಿ. ಎದುರಾದ ಪ್ರತಿಯೊಬ್ಬನನ್ನೂ 'ಇವನು ನಾನೇ' ಎನ್ನುತ್ತಾನೆ.

ಕವಿತೆಯ ಗುಟ್ಟು ಈ 'ನಾನೇ' ಎಂಬುದರಲ್ಲಿದೆ. ಸ್ಪ್ಯಾನಿಷರ ಎದುರು ನಿಂತ, ಮೆಕ್ಸಿಕೊದ ಮೂಲನಿವಾಸಿಗಳಾದ ಆಜ್ಟೆಕರ ದೊರೆ ಕ್ವಾವ್‌ತೆಮೋಕ್ ನಾನು ಎನ್ನುತ್ತಾನೆ. ಮರುಕ್ಷಣ, ಆ ರಾಜ್ಯವನ್ನು ಸುಟ್ಟ ಸ್ಪ್ಯಾನಿಷ್ ದಂಡನಾಯಕ ಕೊರ್ಟೆಸ್‌ನ ಕತ್ತಿಯೂ ನಾನೇ ಎನ್ನುತ್ತಾನೆ. ಯಾಕೆ? ಮೆಕ್ಸಿಕೊದ ಬಹುಪಾಲು ಜನ ಮೆಸ್ತೀಸೊ, ಅಂದರೆ ಮೂಲನಿವಾಸಿ ಮತ್ತು ಸ್ಪ್ಯಾನಿಷ್ ರಕ್ತ ಬೆರೆತವರು. ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಮೈಯಲ್ಲಿದ್ದಾರೆ. ಕವಿತೆ ಇದನ್ನು ಮುಚ್ಚಿಡುವುದಿಲ್ಲ.

ಇದಕ್ಕೆ ಅತಿ ಚುರುಕಾದ ಉದಾಹರಣೆ ಹಿಡಾಲ್ಗೊ ಪ್ರಸಂಗ. ಮಿಗೆಲ್ ಹಿಡಾಲ್ಗೊ ಒಬ್ಬ ಹಳ್ಳಿ ಪಾದ್ರಿ. 1810ರ ಸೆಪ್ಟೆಂಬರ್‌ನಲ್ಲಿ ಚರ್ಚಿನ ಗಂಟೆ ಬಾರಿಸಿ ಸ್ಪೇನ್ ವಿರುದ್ಧ ಜನರನ್ನು ಎಬ್ಬಿಸಿದರು. ಮರುವರ್ಷ ಅವರನ್ನು ಗುಂಡಿಕ್ಕಿ ಕೊಂದು, ತಲೆ ಕತ್ತರಿಸಿ, ಗ್ವಾನಾಹ್ವಾತೊ ಊರಿನ ದೊಡ್ಡ ಕಣಜದ ಗೋಡೆಗೆ ತೂಗುಹಾಕಿದರು. ಹತ್ತು ವರ್ಷ ಅದು ಅಲ್ಲೇ ಇತ್ತು. ಕವಿತೆಯಲ್ಲಿ ಹ್ವಾಕೀನ್ ಹೇಳುತ್ತಾನೆ: ಆ ತಲೆ ನನ್ನದು. ಅದನ್ನು ಗೋಡೆಯ ಮೇಲೆ ಇಟ್ಟವನೂ ನಾನೇ. ಬರೀ ಹೊಗಳಿಕೆಯ ಕವಿತೆಯಾಗಿದ್ದರೆ ಈ ಎರಡನೇ ಸಾಲು ಬರುತ್ತಿರಲಿಲ್ಲ.

ಹೀಗೆ ಮೆಕ್ಸಿಕೊದ ಅಧ್ಯಕ್ಷರಾಗಿದ್ದ ಹ್ವಾರೆಸ್, ಕ್ರಾಂತಿಯ ನಾಯಕರಾದ ಸಪಾಟಾ, ಪಾಂಚೊ ವಿಯಾ ಎಲ್ಲರೂ ಬಂದು ಹೋಗುತ್ತಾರೆ. ಮೆಕ್ಸಿಕೊದ ಕ್ರೈಸ್ತರು ಪೂಜಿಸುವ ಗ್ವಾಡಲೂಪೆ ಮಾತೆಯ ಜೊತೆಗೇ ಅವಳಿಗಿಂತ ಹಳೆಯ ಆಜ್ಟೆಕ್ ದೇವತೆ ತೊನಾಂತ್ಸಿನ್ ಬರುತ್ತಾಳೆ. ಆಮೇಲೆ ಇಪ್ಪತ್ತನೇ ಶತಮಾನ. ನಾರ್ಮಂಡಿಯ ಕಡಲತೀರದಲ್ಲಿ, ಕೊರಿಯಾದಲ್ಲಿ, ವಿಯೆಟ್ನಾಂನಲ್ಲಿ ಅಮೆರಿಕದ ಸಮವಸ್ತ್ರ ತೊಟ್ಟು ಸತ್ತ ಚಿಕಾನೊಗಳು ಬರುತ್ತಾರೆ. ಈ ದೇಶಕ್ಕಾಗಿ ರಕ್ತ ಕೊಟ್ಟವನನ್ನೇ ನೀನು ಯಾವ ದೇಶದವನು ಎಂದು ಕೇಳುತ್ತೀರಲ್ಲ ಎಂಬ ಮಾತು ಬಾಯಿಬಿಟ್ಟು ಹೇಳದೆಯೇ ಕೇಳಿಸುತ್ತದೆ. ಕೊನೆಯ ಭಾಗದಲ್ಲಿ ನಾವು ಮೇಲೆ ನೋಡಿದ ಹೆಸರುಗಳ ಗೋಜಲೂ ಬರುತ್ತದೆ. ಮೆಕ್ಸಿಕನ್ ಅನ್ನಿ, ಲ್ಯಾಟಿನೊ ಅನ್ನಿ, ಚಿಕಾನೊ ಅನ್ನಿ, ಏನೇ ಅಂದರೂ ನನ್ನ ಮುಖ ಅದೇ, ಅಳು ಅದೇ, ಹಾಡು ಅದೇ ಎನ್ನುತ್ತಾನೆ ಹ್ವಾಕೀನ್.

ಮುಗಿಯುವುದು ಒಂದು ಕ್ರಿಯಾಪದದಲ್ಲಿ. ಅದನ್ನು ಕನ್ನಡಕ್ಕೆ ತರುವುದು ಕಷ್ಟ. ತಾಳುತ್ತೇನೆ ಎಂಬ ಅರ್ಥವೂ ಇದೆ, ಉಳಿಯುತ್ತೇನೆ ಎಂಬ ಅರ್ಥವೂ ಇದೆ. 'ತಾಳಿದವನು ಬಾಳಿಯಾನು' ಎಂಬ ನಮ್ಮ ಗಾದೆಯ ಎರಡೂ ತುದಿ ಒಂದೇ ಪದದಲ್ಲಿ ಸೇರಿದಂತೆ. ಗಾದೆ ಸಮಾಧಾನ ಹೇಳುತ್ತದೆ. ಕವಿತೆ ಅದೇ ಮಾತನ್ನು ಸವಾಲಿನ ದನಿಯಲ್ಲಿ ಕೂಗುತ್ತದೆ.

ಕವಿತೆ ಹರಡಿದ್ದು ಸೈಕ್ಲೋಸ್ಟೈಲ್ ಪ್ರತಿಗಳಲ್ಲಿ, ಹೋರಾಟದ ಸಣ್ಣ ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಗಟ್ಟಿಯಾಗಿ ಓದುವುದರಲ್ಲಿ. 1969ರಲ್ಲಿ ನಾಟಕಕಾರ ಲೂಯಿಸ್ ವಾಲ್ಡೆಸ್ ಇದನ್ನು ಕಿರುಚಿತ್ರ ಮಾಡಿದರು. ದೊಡ್ಡ ಪ್ರಕಾಶಕರ ಮೂಲಕ ಪುಸ್ತಕವಾಗಿ ಅಂಗಡಿಗಳಿಗೆ ಬಂದದ್ದು 1972ರಲ್ಲಿ. ಅಷ್ಟರಲ್ಲಿ ಎಷ್ಟೋ ಹುಡುಗರಿಗೆ ಅದು ಬಾಯಿಪಾಠವಾಗಿತ್ತು. ದಲಿತ, ಬಂಡಾಯದ ದಿನಗಳಲ್ಲಿ ನಮ್ಮಲ್ಲೂ ಕೆಲವು ಹಾಡುಗಳು ಪುಸ್ತಕಕ್ಕಿಂತ ಬೇಗ ಬೀದಿಯಲ್ಲಿ ಓಡಾಡಿದವಲ್ಲ, ಅದೇ ಬಗೆ.

ಒಂದು ಕೊರತೆಯನ್ನು ಚಿಕಾನಾ ಲೇಖಕಿಯರೇ ಮುಂದೆ ಎತ್ತಿ ತೋರಿಸಿದರು. ಈ 'ನಾನು' ಗಂಡಸು. ಹೆಂಗಸು ಬರುವುದು ಕಪ್ಪು ಶಾಲು ಹೊದ್ದು ಗಂಡಿನ ಜೊತೆ ನಿಲ್ಲುವ ನಿಷ್ಠಾವಂತೆಯಾಗಿ, ತಾಯಿಯಾಗಿ, ದೇವಿಯಾಗಿ. ಓದಿದರೆ ಈ ಮಾತು ಸರಿ ಅನ್ನಿಸುತ್ತದೆ.

ಹಳೆಯ ಚರ್ಚಿನಲ್ಲಿ ಹೊಸ ಸಂಸಾರ

1968ರಲ್ಲಿ ಕ್ರುಸೇಡ್ ಸಂಘಟನೆ ಡೆನ್ವರ್‌ನ ಡೌನಿಂಗ್ ಸ್ಟ್ರೀಟ್‌ನಲ್ಲಿ ಒಂದು ಹಳೆಯ ಚರ್ಚ್ ಕಟ್ಟಡವನ್ನು ಕೊಂಡಿತು. ಸಭಾಂಗಣ, ತರಗತಿಗಳು, ನಾಟಕ, ಕುಣಿತ, ಕಾನೂನು ಸಲಹೆ ಎಲ್ಲ ಒಂದೇ ಸೂರಿನಡಿ. ಸಂಘಟನೆ 'ಎಲ್ ಗಾಯೊ' ಎಂಬ ಪತ್ರಿಕೆಯನ್ನೂ ಹೊರಡಿಸುತ್ತಿತ್ತು. ಗಾಯೊ ಎಂದರೆ ಹುಂಜ. ಕೂಗಿ ಎಬ್ಬಿಸುವ ಕೆಲಸಕ್ಕೆ ಒಪ್ಪುವ ಹೆಸರು.

ಅದೇ ವರ್ಷ ಮಾರ್ಟಿನ್ ಲೂಥರ್ ಕಿಂಗ್ ಯೋಜಿಸಿದ್ದ ಬಡವರ ಚಳವಳಿ, ಅವರ ಹತ್ಯೆಯ ನಂತರವೂ, ವಾಷಿಂಗ್ಟನ್‌ಗೆ ಹೊರಟಿತು. ಕಾರ್ಕಿ ತಮ್ಮ ಜನರನ್ನು ಕರೆದುಕೊಂಡು ಹೋದರು. ಅಲ್ಲಿ ಅವರು ಮುಂದಿಟ್ಟ ಬೇಡಿಕೆ ಪಟ್ಟಿಗೆ ಬಾರಿಯೊ ಯೋಜನೆ ಎಂದು ಹೆಸರು. ಬಾರಿಯೊ ಎಂದರೆ ಸ್ಪ್ಯಾನಿಷ್ ಮಾತಾಡುವವರ ಕೇರಿ. ವಾಸಕ್ಕೆ ಯೋಗ್ಯ ಮನೆ, ಎರಡು ಭಾಷೆಯ ಶಾಲೆ, ಕಳೆದ ಜಮೀನು, ಇವೆಲ್ಲ ಅದರಲ್ಲಿದ್ದವು.

ಶಾಲೆಯ ವಿಷಯಕ್ಕೆ ಅಷ್ಟು ಒತ್ತು ಯಾಕೆ? ಆ ಸೀಮೆಯ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಸ್ಪ್ಯಾನಿಷ್ ಆಡಿದರೆ ಶಿಕ್ಷೆ ಇತ್ತು. ಮನೆಯಲ್ಲಿ ಅಮ್ಮ ಆಡುವ ಮಾತು ಶಾಲೆಯಲ್ಲಿ ತಪ್ಪು. 1969ರ ಮಾರ್ಚ್ 20ರಂದು ಡೆನ್ವರ್‌ನ ವೆಸ್ಟ್ ಹೈಸ್ಕೂಲಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ಒಬ್ಬ ಮೇಷ್ಟ್ರು ಮೆಕ್ಸಿಕನ್ನರ ಬಗ್ಗೆ ಹಗುರವಾಗಿ ಮಾತಾಡಿದ್ದರು ಎಂಬುದು ತಕ್ಷಣದ ಕಾರಣ. ಪೊಲೀಸರು ಬಂದರು, ಹೊಡೆದಾಟವಾಯಿತು. ಬಂಧನಕ್ಕೆ ಒಳಗಾದವರಲ್ಲಿ ಕಾರ್ಕಿಯೂ ಒಬ್ಬರು.

ಮುಂದೆ ಕ್ರುಸೇಡ್ ತನ್ನದೇ ಶಾಲೆ ತೆರೆಯಿತು. ಹೆಸರು ಎಸ್ಕ್ವೇಲಾ ತ್ಲಾತೆಲೋಲ್ಕೊ. ಎಸ್ಕ್ವೇಲಾ ಎಂದರೆ ಶಾಲೆ. ತ್ಲಾತೆಲೋಲ್ಕೊ ಮೆಕ್ಸಿಕೊ ನಗರದ ಒಂದು ಜಾಗ. 1968ರ ಅಕ್ಟೋಬರ್ 2ರಂದು ಅಲ್ಲಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಮೆಕ್ಸಿಕೊ ಸರ್ಕಾರದ ಪಡೆಗಳು ಗುಂಡು ಹಾರಿಸಿದ್ದವು. ಮಕ್ಕಳ ಶಾಲೆಗೆ ಆ ಹೆಸರು ಇಟ್ಟರೆಂದರೆ, ಇವರಿಗೆ ಮೆಕ್ಸಿಕೊ ಎಂದರೆ ಅಲ್ಲಿನ ಸರ್ಕಾರವಲ್ಲ ಎಂಬುದೂ ತಿಳಿಯುತ್ತದೆ. ಬಾವುಟದ ಪ್ರಶ್ನೆ ಕೇಳುವವರು ಇದನ್ನು ಗಮನಿಸಬೇಕು.

ಹದ್ದು ಹೊರಟ ಊರು

ವೆಸ್ಟ್ ಹೈಸ್ಕೂಲ್ ಗಲಾಟೆಯಾದ ಮರುವಾರವೇ ಆ ಚರ್ಚ್ ಕಟ್ಟಡದಲ್ಲಿ ಚಿಕಾನೊ ಯುವಜನರ ರಾಷ್ಟ್ರೀಯ ಸಮಾವೇಶ ನಡೆಯಿತು. ಸುಮಾರು 1,500 ಮಂದಿ ಬಂದರು. ವಿದ್ಯಾರ್ಥಿಗಳು, ಬೀದಿ ಗುಂಪುಗಳ ಹುಡುಗರು, ಕವಿಗಳು. ಅಲ್ಲಿ ಹೊರಬಂದ ಘೋಷಣಾಪತ್ರದ ಹೆಸರು 'ಎಲ್ ಪ್ಲಾನ್ ಎಸ್ಪಿರಿತ್ವಾಲ್ ದೆ ಆಜ್ಟ್‌ಲಾನ್', ಅಂದರೆ ಆಜ್ಟ್‌ಲಾನ್‌ನ ಆಧ್ಯಾತ್ಮಿಕ ಯೋಜನೆ. ಅದರ ಮುನ್ನುಡಿಯನ್ನು ಕವಿ ಆಲುರಿಸ್ತಾ ಬರೆದರು.

ಆಜ್ಟ್‌ಲಾನ್ ಎಂದರೇನು? ಆಜ್ಟೆಕರ ಪುರಾಣದ ಪ್ರಕಾರ ಅವರ ಮೂಲ ನೆಲೆ. ಉತ್ತರದಲ್ಲೆಲ್ಲೋ ಇದ್ದ ಆ ಊರಿನಿಂದ ಅವರು ದಕ್ಷಿಣಕ್ಕೆ ಹೊರಟರು. ಪಾಪಾಸುಕಳ್ಳಿಯ ಮೇಲೆ ಕೂತು ಹಾವು ಹಿಡಿದ ಹದ್ದು ಕಂಡಲ್ಲಿ ನೆಲೆಸಿ ಎಂದು ದೇವರ ಅಪ್ಪಣೆಯಾಗಿತ್ತಂತೆ. ಕೆರೆಯ ನಡುವೆ ಹದ್ದು ಕಂಡ ಆ ಜಾಗವೇ ಇಂದಿನ ಮೆಕ್ಸಿಕೊ ನಗರ. ಮೆಕ್ಸಿಕೊದ ಬಾವುಟದಲ್ಲಿರುವ ಹದ್ದು ಇದೇ. ಹ್ವಾಕೀನ್ ಕೂಡ ಕವಿತೆಯಲ್ಲಿ ತನ್ನನ್ನು ಹದ್ದು, ಹಾವು ಎರಡೂ ಎಂದು ಕರೆದುಕೊಳ್ಳುತ್ತಾನೆ.

ಸಮಾವೇಶದ ಯುವಕರು ಮಾಡಿದ್ದಿಷ್ಟು. ಪುರಾಣದ ಆ 'ಉತ್ತರ' ಯಾವುದು? ಮೆಕ್ಸಿಕೊಗೆ ಉತ್ತರವೆಂದರೆ 1848ರಲ್ಲಿ ಕೈತಪ್ಪಿದ ಈ ನೆಲವೇ ಎಂದರು. ಹಾಗಾದರೆ ನಾವು ಇಲ್ಲಿಗೆ ಬಂದವರಲ್ಲ, ಇಲ್ಲಿಂದಲೇ ಹೊರಟು ತಿರುಗಿ ಬಂದವರು. ಆಜ್ಟ್‌ಲಾನ್ ಎಲ್ಲಿತ್ತು, ಇತ್ತೋ ಇಲ್ಲವೋ ಎಂಬುದನ್ನು ಇತಿಹಾಸಕಾರರು ಖಚಿತವಾಗಿ ಹೇಳಿಲ್ಲ. ಇದನ್ನು ದೇಶ ಒಡೆಯುವ ಮಾತು ಎಂದು ಬೈದವರಿದ್ದಾರೆ. ಇಲ್ಲ, ಅದು ನಕ್ಷೆಯಲ್ಲಿಲ್ಲದ ಮನಸ್ಸಿನ ನಾಡು ಎಂದವರಿದ್ದಾರೆ. ಅಲ್ಲಿ ಮೊದಲಿಂದ ಇರುವ ನವಾಹೊ, ಪ್ವೆಬ್ಲೊ, ಯೂಟ್ ಜನರ ಗತಿಯೇನು ಎಂಬ ಪ್ರಶ್ನೆಗೆ ಈ ವಾದದಲ್ಲಿ ಸರಿಯಾದ ಉತ್ತರ ಸಿಗುವುದಿಲ್ಲ.

ಹೆಂಗಸರ ವಿಷಯ ಇಲ್ಲೂ ತೊಡಕಾಯಿತು. ಸಮಾವೇಶದಲ್ಲಿ ಚಿಕಾನಾಗಳ ಗೋಷ್ಠಿಯೊಂದು ನಡೆಯಿತು. ಕೊನೆಗೆ ಸಭೆಗೆ ಬಂದ ವರದಿ, ಚಿಕಾನಾಗೆ ವಿಮೋಚನೆ ಬೇಡ ಎಂಬ ಒಂದೇ ಮಾತು. ಬರಹಗಾರ್ತಿ ಎನ್ರಿಕೆಟಾ ವಾಸ್ಕೆಸ್ ಇದನ್ನು ಕೇಳಿ ತಮಗಾದ ನೋವನ್ನು ಆಮೇಲೆ ಬರೆದರು. ಚಿಕಾನಾ ಸ್ತ್ರೀವಾದದ ಚರಿತ್ರೆ ಹೇಳುವವರು ಈ ಪ್ರಸಂಗವನ್ನು ಬಿಡುವುದಿಲ್ಲ.

ಗುಂಡು, ಕೋರ್ಟು, ಇಳಿತ

ಮುಂದಿನ ನಾಲ್ಕು ವರ್ಷ ಬಹಳ ಬೇಗ ಕಳೆದವು. 1970ರ ಆಗಸ್ಟ್ 29ರಂದು ಪೂರ್ವ ಲಾಸ್ ಏಂಜಲೀಸ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಚಿಕಾನೊಗಳ ದೊಡ್ಡ ಮೆರವಣಿಗೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಪೊಲೀಸರು ಸಭೆಯನ್ನು ಚದುರಿಸಿದರು. ಅಶ್ರುವಾಯು ಶೆಲ್ ತಲೆಗೆ ಬಡಿದು ಪತ್ರಕರ್ತ ರುಬೆನ್ ಸಲಾಸಾರ್ ಸತ್ತರು. ಕಾರ್ಕಿಯನ್ನು ಅಂದೇ ಹಿಡಿದರು. ವಾಹನದಲ್ಲಿ ಆಯುಧವಿತ್ತೆಂಬ ಆರೋಪದಲ್ಲಿ ಶಿಕ್ಷೆಯಾಗಿ ಕೆಲವು ವಾರ ಜೈಲಿನಲ್ಲಿದ್ದರು.

ಎರಡೂ ದೊಡ್ಡ ಪಕ್ಷ ಬೇಡ, ನಮ್ಮದೇ ಪಕ್ಷ ಇರಲಿ ಎಂದು 'ಲಾ ರಾಸಾ ಉನಿಡಾ' ಹುಟ್ಟಿತು. 1972ರಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಅದರ ರಾಷ್ಟ್ರೀಯ ಸಮ್ಮೇಳನ. ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ಕಾರ್ಕಿ ಮತ್ತು ಟೆಕ್ಸಸ್‌ನ ಹೊಸೆ ಆಂಹೆಲ್ ಗುಟಿಯೆರ‍್ರೆಸ್ ನಡುವೆ ಪೈಪೋಟಿ. ಕಾರ್ಕಿ ಸೋತರು. ಪಕ್ಷ ಒಳಗಿಂದಲೇ ಬಿರುಕು ಬಿಟ್ಟಿತು.

ದೊಡ್ಡ ಪೆಟ್ಟು ಬಿದ್ದದ್ದು 1973ರ ಮಾರ್ಚ್ 17ರಂದು. ಕ್ರುಸೇಡ್ ಕಟ್ಟಡದ ಪಕ್ಕ ಪೊಲೀಸರಿಗೂ ಸಂಘಟನೆಯವರಿಗೂ ಘರ್ಷಣೆಯಾಯಿತು. 20 ವರ್ಷದ ಲೂಯಿಸ್ ಮಾರ್ಟಿನೆಸ್ ಪೊಲೀಸ್ ಗುಂಡಿಗೆ ಬಲಿಯಾದ. ಹಲವು ಪೊಲೀಸರಿಗೆ ಗಾಯವಾಯಿತು. ಸಂಘಟನೆಯ ವಸತಿ ಕಟ್ಟಡದಲ್ಲಿ ಸ್ಫೋಟವಾಯಿತು. ಒಳಗೆ ಸಿಡಿಮದ್ದು ಇಟ್ಟಿದ್ದರು ಎಂದು ಪೊಲೀಸರು ಹೇಳಿದರು. ಪೊಲೀಸರೇ ಕಾರಣ ಎಂದು ಸಂಘಟನೆ ಹೇಳಿತು. ಡೆನ್ವರ್‌ನಲ್ಲಿ ಈ ವಾದ ಇನ್ನೂ ಮುಗಿದಿಲ್ಲ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಮೊದಲಿನಿಂದಲೂ ಇವರ ಮೇಲೆ ಕಣ್ಣಿಟ್ಟಿತ್ತು. ಕೇಸುಗಳು, ಖರ್ಚು, ಹೆದರಿಕೆ ಸೇರಿ ಕ್ರುಸೇಡ್ ನಿಧಾನವಾಗಿ ಸೊರಗಿತು.

1987ರಲ್ಲಿ ಕಾರು ಓಡಿಸುತ್ತಿದ್ದಾಗಲೇ ಕಾರ್ಕಿಗೆ ಹೃದಯಾಘಾತವಾಗಿ ಅಪಘಾತವಾಯಿತು. ಆಮೇಲೆ ಅವರು ಮೊದಲಿನಂತಾಗಲಿಲ್ಲ. 2005ರ ಏಪ್ರಿಲ್ 12ರಂದು ಡೆನ್ವರ್‌ನ ಮನೆಯಲ್ಲಿ ತೀರಿಕೊಂಡರು. ಹೆಂಡತಿ ಜೆರಾಲ್ಡಿನ್ ಮತ್ತು ಎಂಟು ಮಕ್ಕಳ ದೊಡ್ಡ ಸಂಸಾರ. ಶಾಲೆಯನ್ನು ಮಗಳು ನೀಟಾ ನಡೆಸಿದರು. ಸುಮಾರು ನಾಲ್ಕೂವರೆ ದಶಕ ನಡೆದ ಅದು 2017ರಲ್ಲಿ ಮುಚ್ಚಿತು.

ಓದುವವರಿಗೆ

ಡೆನ್ವರ್ ಕಡೆ ಇರುವ ಕನ್ನಡಿಗರಿಗೆ ಒಂದು ಸುಲಭ ದಾರಿಯಿದೆ. ನಗರದ ಪಶ್ಚಿಮಕ್ಕೆ, ಕೋಲ್‌ಫ್ಯಾಕ್ಸ್ ಅವೆನ್ಯೂದಲ್ಲಿ, 2015ರಲ್ಲಿ ತೆರೆದ ಸಾರ್ವಜನಿಕ ಗ್ರಂಥಾಲಯಕ್ಕೆ ಕಾರ್ಕಿಯ ಹೆಸರೇ ಇಟ್ಟಿದ್ದಾರೆ. ವಾಲ್ಡೆಸ್ ಮಾಡಿದ ಕಿರುಚಿತ್ರವನ್ನು 2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಹಿಂದೆ ಬೆನ್ನಿಗೆ ಬೇಹುಗಾರರನ್ನು ಬಿಟ್ಟದ್ದೂ ಅದೇ ಸರ್ಕಾರ.

ಕವಿತೆ ಓದುವಾಗ ಹೆಸರು ಬಂದಲ್ಲೆಲ್ಲ ನಿಂತು ಫೋನಿನಲ್ಲಿ ಹುಡುಕಬೇಡಿ. ಹಾಗೆ ಮಾಡಿದರೆ ಓಟ ಕೆಡುತ್ತದೆ. ಮೊದಲ ಸಲ ಗಟ್ಟಿಯಾಗಿ, ಒಂದೇ ಉಸಿರಿನಲ್ಲಿ ಓದಿಬಿಡಿ. ಸಾಲುಗಳು ತುಂಡು ತುಂಡಾಗಿ, ಬಾಕ್ಸಿಂಗ್ ಹೊಡೆತದ ಹಾಗೆ ಬೀಳುತ್ತವೆ. ಎರಡನೇ ಸಲ ಕ್ವಾವ್‌ತೆಮೋಕ್, ಕೊರ್ಟೆಸ್, ಹಿಡಾಲ್ಗೊ, ಮುರಿಯೆಟಾ, ಈ ನಾಲ್ಕು ಹೆಸರು ನೆನಪಿಟ್ಟುಕೊಂಡು ಓದಿ. ಉಳಿದವರು ಯಾರೆಂದು ಹ್ವಾಕೀನೇ ಹೇಳುತ್ತಾ ಹೋಗುತ್ತಾನೆ.